ಐಡಹೊದ ಹಕ್ಕಿ, ಅಕ್ಕನ ಮಾತು

ಭಾನುವಾರ ಚರ್ಚ್ ಮುಗಿಸಿ ಅಕ್ಕನ ಮನೆಗೆ ಊಟಕ್ಕೆ ಹೋಗುವುದು, ಊಟವಾದ ಮೇಲೆ ಅಕ್ಕ ಕೈ ಒರೆಸಿಕೊಳ್ಳುತ್ತಾ "ಮತ್ತೆ ಎಂತ ಯೋಚನೆ ಮಾಡಿದೆ?" ಎಂದು ಕೇಳುವುದು, ನಾನು "ಎಂತ ಯೋಚನೆಯೂ ಇಲ್ಲ" ಎನ್ನುವುದು. ನನ್ನ ಗಂಡ ತೀರಿಹೋದ ಮೇಲೆ ಒಂದೂವರೆ ವರ್ಷ ಹೀಗೇ ನಡೆಯಿತು. ಅಕ್ಕನ ಮನೆ ಮರ್ಸರ್ ಐಲ್ಯಾಂಡಿನಲ್ಲಿ, ಸೇತುವೆ ದಾಟಿ ಹೋಗಬೇಕಾದ ದ್ವೀಪ. ಭಾವನದು ಸ್ವಂತ ವ್ಯವಹಾರ, ದೊಡ್ಡ ಮನೆ. ಕೆಳಗಿನ ಮಹಡಿಗೆ ಬೇರೆಯೇ ಬಾಗಿಲು, ಬೇರೆಯೇ ಅಡುಗೆಮನೆ, ಕಿಟಕಿ ತೆರೆದರೆ ಕೆರೆಯ ನೀರು. ನಾನು ರೆಡ್ಮಂಡಿನ ಎಜುಕೇಶನ್ ಹಿಲ್ ಮೇಲಿನ ನಮ್ಮ ಮನೆ ಬಿಟ್ಟು ಅಲ್ಲಿಗೆ ಬಂದುಬಿಡಬೇಕು ಎನ್ನುವುದು ಅವಳ ಹಟ.

"ಅಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ ಎಂತ ಮಾಡ್ತಿ ಮಾರಾಯ್ತಿ? ಮಕ್ಕಳಾ, ಮರಿಯಾ? ರಾತ್ರಿ ಬಿದ್ದರೆ ಎತ್ತುವವರು ಯಾರುಂಟು?"

"ನಾನು ಯಾಕೆ ಬೀಳುದು? ನನಗೆ ಕಾಲು ಗಟ್ಟಿ ಉಂಟು."

ಇದು ನಮ್ಮ ಮಾಮೂಲಿ ಮಾತು. ನಾನು ಐವತ್ತು ದಾಟಿದವಳು, ಟಕ್ವಿಲಾದ ಒಂದು ಆಮದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸ, ಕಾರು ನಾನೇ ಓಡಿಸುತ್ತೇನೆ, ಸಿಂಕ್ ಕಟ್ಟಿಕೊಂಡರೆ ನಾನೇ ಬಿಚ್ಚುತ್ತೇನೆ. ಅಕ್ಕ ಕೇಳುವ ರೀತಿಯಲ್ಲಿ ಕನಿಕರ ಇತ್ತು, ಅದು ನನಗೆ ಮೈಯುರಿಸುತ್ತಿತ್ತು. ಕನಿಕರ ಬೇಡ ಎಂದವಳಿಗೆ ಒಬ್ಬಳೇ ಇರಬಲ್ಲೆ ಎಂದು ತೋರಿಸುವುದೊಂದೇ ದಾರಿ ಎನಿಸಿತ್ತು.

ಟರ್ಕಿ ಕೋಳಿಯ ಬೇಟೆಯ ವಿಷಯ ಬಂದದ್ದು ಹಾಗೆ. ನನ್ನ ಗಂಡ ಊರಿನಲ್ಲಿದ್ದಾಗ ಕವಣೆ ಕೂಡ ಹಿಡಿದವರಲ್ಲ. ಉಡುಪಿ ಕಡೆಯ ಮಿಷನ್ ಶಾಲೆಯಲ್ಲಿ ಓದಿದ, ಭಾನುವಾರ ಕ್ವಾಯರಿನಲ್ಲಿ ಹಾಡುವ ಸಾಧು ಮನುಷ್ಯ. ಈ ದೇಶಕ್ಕೆ ಬಂದ ಮೇಲೆ ಆಫೀಸಿನ ಗೆಳೆಯನೊಬ್ಬ ಕಾಡಿಗೆ ಕರೆದುಕೊಂಡು ಹೋದ, ಇವರಿಗೆ ಹುಚ್ಚು ಹಿಡಿಯಿತು. ಒಬ್ಬರನ್ನೇ ಕಳಿಸಲು ಹೆದರಿ ನಾನೂ ತರಗತಿಗೆ ಸೇರಿ, ಪರೀಕ್ಷೆ ಬರೆದು, ಲೈಸೆನ್ಸ್ ತೆಗೆದುಕೊಂಡೆ. ಪ್ರತಿ ವಸಂತದಲ್ಲಿ ಬೆಟ್ಟಸಾಲು ದಾಟಿ ನಮ್ಮದೇ ರಾಜ್ಯದ ಪೂರ್ವ ಭಾಗಕ್ಕೆ ಹೋಗಿ ಬರುತ್ತಿದ್ದೆವು. ಒಮ್ಮೆ ಅದರಾಚೆಯ ರಾಜ್ಯ ಐಡಹೊಗೆ ಹೋಗಬೇಕು, ಅಲ್ಲಿ ಹಕ್ಕಿ ಹೆಚ್ಚು ಎಂದು ಅವರು ಹೇಳುತ್ತಲೇ ಇದ್ದರು. ಜಮೀನಿನ ಒಡೆಯನೊಬ್ಬನಿಗೆ ಫೋನ್ ಮಾಡಿ ಒಪ್ಪಿಗೆಯನ್ನೂ ಪಡೆದಿದ್ದರು. ಆ ಚಳಿಗಾಲದಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು.

ಅಕ್ಕನಿಗೆ ಈ ಬೇಟೆ ಎಂದರೆ ಆಗದು. ಕೋಳಿ ಸುಕ್ಕ ಮಾಡಿದರೆ ಮೂರು ಸಲ ಬಡಿಸಿಕೊಳ್ಳುತ್ತಾಳೆ, ಕೋವಿ ಎಂದರೆ ಮಾತ್ರ ಕಿವಿ ಮುಚ್ಚಿಕೊಳ್ಳುತ್ತಾಳೆ. ಏಪ್ರಿಲ್ ಬರುವ ಹೊತ್ತಿಗೆ ನಾನು ಊಟದ ಮೇಜಿನಲ್ಲಿ ಸುದ್ದಿ ಹೇಳಿದೆ.

"ಐಡಹೊಗೆ ಹೋಗ್ತೇನೆ. ಟರ್ಕಿಗೆ."

"ಯಾರ ಜೊತೆ?"

"ಒಬ್ಬಳೇ."

ಅಕ್ಕ ಚಮಚ ಕೆಳಗಿಟ್ಟಳು. "ನಿನ್ನ ಮಂಡೆ ಸಮ ಉಂಟಾ? ಹೆಂಗಸು ಒಬ್ಬಳೇ, ಪರರಾಜ್ಯ, ಕಾಡು, ಕೈಯಲ್ಲಿ ಕೋವಿ. ಇವತ್ತು ಪಾಸ್ಟರ್ ಎಂತ ಹೇಳಿದ್ದು, ನೀನು ಎಂತ ಹೇಳುದು!"

"ಪಾಸ್ಟರ್ ಟರ್ಕಿ ಬಗ್ಗೆ ಏನೂ ಹೇಳ್ಲಿಲ್ಲ."

ಭಾವ ನಕ್ಕರು, ಅಕ್ಕ ನಗಲಿಲ್ಲ. ಬೆರಳೆತ್ತಿ ಹೇಳಿದಳು. "ಆಯ್ತು, ಹೋಗು. ಒಬ್ಬಳೇ ಹೋಗಿ, ಹಕ್ಕಿ ತಗೊಂಡು, ಸುಸೂತ್ರ ವಾಪಸ್ ಬಾ. ಮತ್ತೆ ಕೆಳಗಿನ ಮನೆಯ ವಿಷಯ ನಾನು ಜನ್ಮದಲ್ಲಿ ಎತ್ತುದಿಲ್ಲ. ಆದರೆ ಬರಿಗೈಯಲ್ಲಿ ಬಂದಿಯೋ, ಸಾಮಾನು ಕಟ್ಟಿ ಇಲ್ಲಿಗೆ ಬರಬೇಕು. ಒಪ್ಪಿಗೆಯಾ?"

"ಒಪ್ಪಿಗೆ" ಎಂದೆ.

ಅಕ್ಕ ಮಾತು ಕೊಟ್ಟರೆ ಮುಗಿಯಿತು. ಚಿಕ್ಕವಳಿದ್ದಾಗ ಹಲಸಿನ ತೊಳೆ ಹೆಚ್ಚು ತಿಂದಳೆಂದು ಅಜ್ಜಿ ನಾಲ್ಕು ಜನರೆದುರು ಏನೋ ಅಂದರಂತೆ. ಇನ್ನು ಹಲಸು ಮುಟ್ಟುವುದಿಲ್ಲ ಎಂದು ಅಂದೇ ಹೇಳಿದವಳು, ಅಜ್ಜಿ ಸತ್ತು ಮಣ್ಣಾಗಿ ಎಷ್ಟೋ ಕಾಲವಾಯಿತು, ಇವತ್ತಿಗೂ ಮುಟ್ಟಿಲ್ಲ. ನಾನೂ ಅದೇ ಹೊಟ್ಟೆಯಲ್ಲಿ ಹುಟ್ಟಿದವಳು.

ಶನಿವಾರ ಹೊರಟೆ. ಬೆಟ್ಟಸಾಲಿನ ಘಾಟಿ ದಾಟುವವರೆಗೆ ಮಳೆ, ದಾಟಿದ ಮೇಲೆ ಬಿಸಿಲು. ಕೊಲಂಬಿಯಾ ನದಿಯ ಹತ್ತಿರ ಬರುವಾಗ ಕಣ್ಣಿಗೆ ಹಸಿರೇ ಇಲ್ಲ, ಬರೀ ಕಂದು ಗುಡ್ಡ. ನಾವಿಬ್ಬರೂ ಹೋಗುವಾಗ ಅವರು ಡ್ರೈವ್ ಮಾಡುತ್ತಿದ್ದರು, ನಾನು ಪಕ್ಕದಲ್ಲಿ ಕುಳಿತು ಚಕ್ಕುಲಿ ಮುರಿದು ಕೊಡುತ್ತಿದ್ದೆ. ದಾರಿಯುದ್ದಕ್ಕೂ ಹಾಡು, ಜಗಳ, ಯಾವ ಪೆಟ್ರೋಲ್ ಬಂಕಿನ ಕಾಫಿ ಕುಡಿಯಲು ಯೋಗ್ಯ ಎಂಬ ಚರ್ಚೆ. ಈಗ ಚಕ್ಕುಲಿ ಡಬ್ಬಿ ಪಕ್ಕದ ಸೀಟಿನಲ್ಲಿತ್ತು. ಒಂದು ಕೈಯಲ್ಲಿ ಮುಚ್ಚಳ ತೆಗೆಯಲು ಬರದೆ ಸ್ಪೊಕೇನ್ ವರೆಗೆ ಹಾಗೇ ಹೋದೆ.

ರಾಜ್ಯದ ಗಡಿ ದಾಟುವಾಗ ಏನೋ ಆಗಬಹುದು ಎಂದುಕೊಂಡಿದ್ದೆ, ಏನೂ ಆಗಲಿಲ್ಲ. ರಸ್ತೆ ಬದಿಯಲ್ಲಿ ಒಂದು ಫಲಕ, ಅಷ್ಟೇ. "ಬಂತು ನೋಡಿ ನಿಮ್ಮ ಐಡಹೊ" ಎಂದು ಗಟ್ಟಿಯಾಗಿ ಹೇಳಿದೆ. ಹೇಳಿದ ಮೇಲೆ ಕಾರಿನೊಳಗೆ ನನ್ನ ಧ್ವನಿ ನನಗೇ ವಿಚಿತ್ರವಾಗಿ ಕೇಳಿಸಿತು. ಆಮೇಲೆ ರೇಡಿಯೋ ಹಾಕಿಕೊಂಡೆ.

ನಾನು ಉಳಿದ ಊರಿನಲ್ಲಿ ಒಂದು ಬೀದಿ, ಒಂದು ಹೋಟೆಲು, ಒಂದು ಹಾರ್ಡ್‌ವೇರ್ ಅಂಗಡಿ, ಒಂದು ಮೋಟೆಲ್. ಮೋಟೆಲಿನ ಹೆಂಗಸು "ಒಬ್ಬರೇನಾ?" ಎಂದು ಕೇಳಿ ಕೀಲಿ ಕೊಟ್ಟಳು. ರೂಮಿನಲ್ಲಿ ಎರಡು ಹಾಸಿಗೆ ಇತ್ತು. ಒಂದರ ಮೇಲೆ ಬ್ಯಾಗು, ಕೋವಿಯ ಪೆಟ್ಟಿಗೆ, ಬಟ್ಟೆ ಎಲ್ಲ ಹರಡಿಟ್ಟೆ. ಖಾಲಿ ಬಿಟ್ಟರೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಸಂಜೆ ಜಮೀನಿನ ಒಡೆಯನನ್ನು ನೋಡಲು ಹೋದೆ. ಎಪ್ಪತ್ತು ದಾಟಿದ ಮುದುಕ, ಬರುವ ದಿನವನ್ನಷ್ಟೇ ಫೋನಿನಲ್ಲಿ ತಿಳಿಸಿದ್ದೆ. ಅಂಗಳದಲ್ಲಿ ನಿಂತು ನನ್ನ ಕಾರಿನ ಕಡೆ ನೋಡಿದ, ಇನ್ನೊಬ್ಬರು ಇಳಿಯಬಹುದೆಂದು ಕಾದ.

"ನಿನ್ನ ಗಂಡ ಹಿಂದೆ ಬರುತ್ತಾನಾ? ಫೋನಿನಲ್ಲಿ ಬಹಳ ಮಾತಾಡಿದ್ದ. ಹಕ್ಕಿಯ ಬಗ್ಗೆ ಕೇಳಲು ಫೋನ್ ಮಾಡಿ ನನ್ನ ಮೊಣಕಾಲು ನೋವಿಗೆ ಔಷಧಿ ಹೇಳಿದ."

ಅವರು ತೀರಿಹೋದರು ಎಂದೆ. ಮುದುಕ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಆಮೇಲೆ ಗುಡ್ಡದ ಕಡೆ ಕೈ ತೋರಿಸಿ, ಹಕ್ಕಿಗಳು ಯಾವ ಪೈನ್ ಮರಗಳ ಮೇಲೆ ರಾತ್ರಿ ಕೂರುತ್ತವೆ, ಬೇಲಿ ಎಲ್ಲಿ ದಾಟಬೇಕು ಎಂದೆಲ್ಲ ಹೇಳಿದ. ನನಗೆ ಅವನ ಮೇಲೆ ಪ್ರೀತಿ ಬಂತು. ನನ್ನ ಗಂಡನ ಮಾತು ಒಂದು ಸಲ ಕೇಳಿ ನೆನಪಿಟ್ಟುಕೊಂಡ ಮನುಷ್ಯ ಈ ಇಡೀ ರಾಜ್ಯದಲ್ಲಿ ಅವನೊಬ್ಬನೇ ಇದ್ದ.

ಟರ್ಕಿ ಬೇಟೆ ಎಂದರೆ ಅಟ್ಟಿಸಿಕೊಂಡು ಓಡುವುದಲ್ಲ, ಕರೆದು ಕಾಯುವುದು. ಬೆಳಕು ಹರಿಯುವ ಮೊದಲೇ ಹೋಗಿ, ದಪ್ಪ ಮರಕ್ಕೆ ಬೆನ್ನು ಕೊಟ್ಟು, ಮೈಯೆಲ್ಲ ಎಲೆ ಬಣ್ಣದ ಬಟ್ಟೆ ಸುತ್ತಿಕೊಂಡು ಕೂರಬೇಕು. ಮರದ ಒಂದು ಚಿಕ್ಕ ಪೆಟ್ಟಿಗೆ ಇರುತ್ತದೆ, ಮುಚ್ಚಳವನ್ನು ಅದರ ಅಂಚಿಗೆ ಉಜ್ಜಿದರೆ ಹೆಣ್ಣು ಟರ್ಕಿ ಕೂಗಿದ ಹಾಗೆ ಸದ್ದು ಬರುತ್ತದೆ. ಗಂಡು ಅದನ್ನು ಕೇಳಿ ಹತ್ತಿರ ಬರಬೇಕು. ಆದರೆ ಆ ಜಾತಿಯಲ್ಲಿ ಪದ್ಧತಿ ಉಲ್ಟಾ. ಗಂಡು ನಿಂತಲ್ಲೇ ಬಾಲ ಬಿಚ್ಚಿ ಮೆರೆಯುತ್ತದೆ, ಹೆಣ್ಣು ತಾನಾಗಿ ಹೋಗಬೇಕು. ಆದ್ದರಿಂದ ತುಂಬ ಕರೆದರೆ, ಹೇಗೂ ಇವಳೇ ಬರುತ್ತಾಳೆ ಎಂದು ಅದು ಅಲ್ಲೇ ನಿಂತುಬಿಡುತ್ತದೆ. "ಒಂದೆರಡು ಸಲ ಕರೆ. ಮತ್ತೆ ಬಾಯಿ ಮುಚ್ಚಿ ಕೂತ್ಕೋ" ಎಂದು ನನ್ನ ಗಂಡ ಕಲಿಸಿದ್ದರು. "ನಿಂಗೆ ಅದು ಕಷ್ಟ, ಗೊತ್ತುಂಟು" ಎಂದೂ ಸೇರಿಸಿದ್ದರು.

ಟರ್ಕಿಗೆ ಮೂಗು ಮಂದ, ಕಣ್ಣು ಕಿವಿ ಮಾತ್ರ ಭಾರೀ ಚುರುಕು. ಬೆರಳು ಅಲುಗಿದರೂ ಸಾಕು.

ಭಾನುವಾರ ಬೆಳಿಗ್ಗೆ ಎಲ್ಲವೂ ಸರಿಯಾಗಿಯೇ ನಡೆಯಿತು. ಚಳಿ ಕಚ್ಚುತ್ತಿತ್ತು, ಮರದ ನೆರಳಿನಲ್ಲಿ ಅಲ್ಲಲ್ಲಿ ಹಳೆಯ ಹಿಮ ಉಳಿದಿತ್ತು. ಮುಸುಕು ಬೆಳಕಿನಲ್ಲಿ ಮೇಲಿನ ಪೈನ್ ಮರದಿಂದ ಗಂಡು ಕೂಗಿತು. ಆ ಕೂಗು ಮೊದಲ ಸಲ ಕೇಳಿದವರಿಗೆ ನಗು ಬರುತ್ತದೆ, ಗಂಟಲಲ್ಲಿ ಗೋಲಿ ಉರುಳಿಸಿದ ಹಾಗೆ ಗಳಗಳ ಎನ್ನುತ್ತದೆ. ನಾನು ಪೆಟ್ಟಿಗೆ ಉಜ್ಜಿದೆ, ಅದು ಉತ್ತರ ಕೊಟ್ಟಿತು. ಬಾಯಿ ಮುಚ್ಚಿ ಕುಳಿತೆ. ಬಹಳ ಹೊತ್ತಿನ ಮೇಲೆ ಹುಲ್ಲಿನಾಚೆ ಕೆಂಪು ತಲೆ ಕಂಡಿತು. ಮೊಣಕಾಲಿನ ಮೇಲಿದ್ದ ಕೋವಿಯನ್ನು ನಿಧಾನ ಎತ್ತಿದೆ. ಎಡಗೈ ಮುಂದೆ ಹೋಯಿತು.

ಟಿಣ್ ಎಂದಿತು ಬಳೆ.

ಎಡಗೈಯಲ್ಲಿ ಎರಡು ಚಿನ್ನದ ಬಳೆ, ಅಮ್ಮ ಮದುವೆಗೆ ಹಾಕಿದ್ದು. ಒಂದಕ್ಕೊಂದು ತಾಗಿದ್ದು ಅಷ್ಟೇ, ಅಡುಗೆಮನೆಯಲ್ಲಾಗಿದ್ದರೆ ನನಗೇ ಕೇಳುತ್ತಿರಲಿಲ್ಲ. ಆ ಗುಡ್ಡದಲ್ಲಿ ಅದು ಶಾಲೆಯ ಗಂಟೆ ಬಾರಿಸಿದ ಹಾಗೆ ಕೇಳಿಸಿತು. ಕೆಂಪು ತಲೆ ಸೆಟೆದು ನಿಂತಿತು, ತಿರುಗಿತು, ಮಾಯವಾಯಿತು. ಮಧ್ಯಾಹ್ನದವರೆಗೆ ಕುಳಿತರೂ ಮತ್ತೆ ಒಂದು ಕೂಗೂ ಇಲ್ಲ.

ಇಷ್ಟು ವರ್ಷ ಬೇಟೆಗೆ ಹೋದವಳು ಬಳೆಯ ವಿಷಯ ಹೇಗೆ ಮರೆತೆ ಎಂದು ಯಾರಾದರೂ ಕೇಳಬಹುದು. ನಾನು ಮರೆತದ್ದಲ್ಲ, ನನಗೆ ಅದು ಗೊತ್ತೇ ಇರಲಿಲ್ಲ ಎನ್ನುವುದು ಹೆಚ್ಚು ಸರಿ. ಪ್ರತಿ ಸಲ ಗಾಡಿ ನಿಲ್ಲಿಸಿದ ಮೇಲೆ, ಒಳಗಿನ ದೀಪದ ಬೆಳಕಿನಲ್ಲಿ ನನ್ನ ಗಂಡ "ಕೈ ಕೊಡು" ಎನ್ನುತ್ತಿದ್ದರು. ನಾನು ನಿದ್ದೆಗಣ್ಣಿನಲ್ಲಿ ಕೈ ಚಾಚುತ್ತಿದ್ದೆ. ಗಾಯಕ್ಕೆ ಸುತ್ತುವ ಕಂದು ಬಣ್ಣದ ಬಟ್ಟೆ ಟೇಪನ್ನು ಎರಡೂ ಬಳೆಗೆ ಸೇರಿಸಿ ಸುತ್ತಿ, ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, ಮೇಲೆ ಗ್ಲೌಸ್ ಎಳೆದುಬಿಡುತ್ತಿದ್ದರು. ಅದು ಬೇಟೆಯ ತಯಾರಿ ಎಂದು ನನಗೆ ಅನಿಸಿಯೇ ಇರಲಿಲ್ಲ. ಅವರು ನನ್ನ ಕೈ ಹಿಡಿದುಕೊಳ್ಳುವ ಹೊತ್ತು ಅದು, ಅಷ್ಟೇ. ಹಾಗಾಗಿ ಸಾಮಾನು ಕಟ್ಟುವಾಗ ಕೋವಿ, ಗುಂಡು, ಪೆಟ್ಟಿಗೆ, ಟಾರ್ಚು ಎಲ್ಲ ನೆನಪಾಯಿತು, ಟೇಪು ಆಗಲಿಲ್ಲ.

ಮಧ್ಯಾಹ್ನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಭಾನುವಾರ ರಜೆ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಮೋಟೆಲಿನವಳ ಬಳಿ ಸೆಲ್ಲೋಟೇಪು ಇತ್ತು, ಸುತ್ತಿ ನೋಡಿದರೆ ಕೈ ಆಡಿಸುವಾಗ ಅದೇ ಪರಪರ ಎನ್ನುತ್ತದೆ. ಸೋಮವಾರ ಒಂದೇ ಬೆಳಿಗ್ಗೆ ಉಳಿದಿತ್ತು, ಮಂಗಳವಾರ ಆಫೀಸಿಗೆ ಹೋಗಲೇಬೇಕು. ಬಳೆ ತೆಗೆಯಬೇಕು, ಬೇರೆ ದಾರಿ ಇರಲಿಲ್ಲ.

ಇದನ್ನು ಓದುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಗಂಡ ಸತ್ತ ಹೆಂಗಸು ಬಳೆ ತೆಗೆಯುವುದೆಂದರೆ ಏನು ಎಂದು ಎಲ್ಲರಿಗೂ ಗೊತ್ತು. ನಮ್ಮ ಚರ್ಚಿನಲ್ಲಿ ಅಂಥ ನಿಯಮ ಏನೂ ಇಲ್ಲ. ಇಲ್ಲದಿದ್ದರೂ ಜನರ ಕಣ್ಣಿನಲ್ಲಿ ಇರುತ್ತದೆ. ಮಣ್ಣು ಮಾಡಿದ ವಾರದಲ್ಲೇ ಊರಿನಿಂದ ನಾದಿನಿ ಫೋನ್ ಮಾಡಿ, "ಈಗ ಕೈಗೆ ಬಳೆ ಯಾಕೆ, ನೋಡಿದವರು ಎಂತ ಹೇಳ್ಲಿಕ್ಕಿಲ್ಲ?" ಎಂದಳು. ಪಕ್ಕದಲ್ಲಿದ್ದ ಅಕ್ಕ ಫೋನ್ ಕಿತ್ತುಕೊಂಡು, "ಅವಳ ಕೈ, ಅವಳ ಬಳೆ. ನಮ್ಮಮ್ಮ ಹಾಕಿದ್ದು. ನೀವು ಫೋನ್ ಇಡಿ" ಎಂದಳು. ಅಂದಿನಿಂದ ಆ ಎರಡು ಬಳೆ ನನಗೆ ಬಾವುಟದ ಹಾಗೆ ಆಗಿತ್ತು. ಆಫೀಸಿಗೂ ಹಾಕಿಕೊಂಡೇ ಹೋಗುತ್ತಿದ್ದೆ, ಮಲಗುವಾಗಲೂ ತೆಗೆಯುತ್ತಿರಲಿಲ್ಲ.

ಮೋಟೆಲಿನ ಬಚ್ಚಲಲ್ಲಿ ಬಿಸಿನೀರು ಬಿಟ್ಟು, ಪೊಟ್ಟಣದ ಪುಟ್ಟ ಸೋಪು ಹಚ್ಚಿ ಉಜ್ಜಿದೆ. ಇಪ್ಪತ್ತೈದರ ಹುಡುಗಿಯ ಕೈಗೆ ಹಾಕಿದ ಬಳೆ, ಈಗಿನ ಗೆಣ್ಣು ದಾಟಬೇಕಲ್ಲ. ಮೊದಲನೆಯದು ಚರ್ಮ ಕೆತ್ತಿಕೊಂಡೇ ಬಂತು. ಎರಡನೆಯದು ಬಾರದೆ ಅರ್ಧಕ್ಕೆ ಸಿಕ್ಕಿಕೊಂಡಾಗ ನನಗೆ ತಡೆಯಲಾರದ ಸಿಟ್ಟು ಬಂತು. ನಾದಿನಿಯ ಮೇಲಲ್ಲ, ನನ್ನ ಗಂಡನ ಮೇಲೆ. ಒಂದು ಟೇಪಿನ ಸುರುಳಿ ಎಲ್ಲಿಟ್ಟಿದ್ದೇನೆ ಎಂದು ಹೇಳಿ ಹೋಗಲು ಏನಾಗಿತ್ತು ಇವರಿಗೆ? ಊರೆಲ್ಲ ಹೇಳಿ ತೆಗೆಸಲಾಗದ ಬಳೆಯನ್ನು ಒಂದು ಹಕ್ಕಿಗೋಸ್ಕರ ನಾನೇ ತೆಗೆಯುತ್ತಿದ್ದೇನೆ ಎಂದು ಗಟ್ಟಿಯಾಗಿ ಬೈದೆ. ಬೈಯುತ್ತಾ ಎಳೆದಾಗ ಅದೂ ಬಂತು.

ಬಳೆ ಎರಡನ್ನೂ ಕಾಲುಚೀಲದೊಳಗೆ ಸುತ್ತಿ ಬ್ಯಾಗಿನ ತಳದಲ್ಲಿಟ್ಟೆ. ಕೈ ಹಗುರವಾಗಿತ್ತು, ಚೆನ್ನಾಗಿರಲಿಲ್ಲ. ಬಳೆಯಿದ್ದ ಜಾಗದಲ್ಲಿ ಬಿಳಿ ಗೆರೆ. ಅಕ್ಕನಿಗೆ ಫೋನ್ ಮಾಡೋಣ ಎನಿಸಿತು. ಆದರೆ ಅಕ್ಕ ಮೊದಲು ಕೇಳುವ ಪ್ರಶ್ನೆ "ಹಕ್ಕಿ ಸಿಕ್ತಾ?" ಎಂದು. ಮಾಡಲಿಲ್ಲ. ಹೋಟೆಲಿಗೆ ಹೋಗಿ ಸೂಪು ಕುಡಿದು ಬೇಗ ಮಲಗಿದೆ.

ಸೋಮವಾರ ಗುಡ್ಡದ ಇನ್ನೊಂದು ಮಗ್ಗುಲಿಗೆ ಹೋದೆ. ಹಳದಿ ಹೂವು ಅರಳಿದ ಇಳಿಜಾರು, ಕೆಳಗೆ ತೊರೆ. ಗಂಡು ದೂರದಲ್ಲಿ ಕೂಗಿತು, ನಾನು ಎರಡು ಸಲ ಉಜ್ಜಿ ಪೆಟ್ಟಿಗೆ ಕೆಳಗಿಟ್ಟೆ. ಅದು ಮತ್ತೆ ಕೂಗಿತು, ನಾನು ಸುಮ್ಮನಿದ್ದೆ. ಇನ್ನೊಮ್ಮೆ ಕೂಗಿತು. ಪೆಟ್ಟಿಗೆಗೆ ಕೈ ಹೋಗದಂತೆ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ. ನೆಲದ ಥಂಡಿ ಸೊಂಟಕ್ಕೆ ಏರುತ್ತಿತ್ತು, ಮೂಗು ಸೋರುತ್ತಿತ್ತು, ಒರೆಸುವಂತಿಲ್ಲ. ಕೂಗು ನಿಂತಿತು. ಹೋಯಿತು ಎಂದುಕೊಂಡೆ. ಇನ್ನು ಸಾಮಾನು ಕಟ್ಟಬೇಕು, ಕೆಳಗಿನ ಮನೆ, ಕೆರೆಯ ಕಿಟಕಿ, ಅಕ್ಕನ "ನಾನು ಹೇಳ್ಲಿಲ್ವಾ" ಎಲ್ಲ ಕಣ್ಣ ಮುಂದೆ ಬಂತು.

ಆಗ ಅದು ಬಂತು, ಸದ್ದಿಲ್ಲದೆ, ಬಲಗಡೆಯಿಂದ. ಬಾಲ ಬಿಚ್ಚಿಕೊಂಡು, ಎದೆಯಿಂದ ಗಡ್ಡದಂತೆ ಜೋಲುವ ಕೂದಲು ನೆಲಕ್ಕೆ ತಾಗುವಷ್ಟು ಉದ್ದ, ಬಿಸಿಲು ಬಿದ್ದ ಕಡೆ ಗರಿ ತಾಮ್ರದ ಬಣ್ಣಕ್ಕೆ ತಿರುಗುತ್ತಿತ್ತು. ಮರದ ಹಿಂದೆ ಅದರ ತಲೆ ಮರೆಯಾದಾಗ ಕೋವಿ ಎತ್ತಿದೆ. ಯಾವ ಸದ್ದೂ ಆಗಲಿಲ್ಲ. ತಲೆ ಮತ್ತೆ ಹೊರಬಂದಾಗ ಕೋವಿಯ ಕುದುರೆ ಎಳೆದೆ.

ಓಡಿಹೋಗಿ ನೋಡಿದೆ. ಒಂದೇ ಗುಂಡಿಗೆ ಮುಗಿದಿತ್ತು, ಹಕ್ಕಿ ಒದ್ದಾಡಲಿಲ್ಲ. ಅದಕ್ಕೆ ದೇವರಿಗೆ ಸ್ತೋತ್ರ ಹೇಳಿದೆ. "ಸಿಕ್ತು" ಎಂದೆ. ಮತ್ತೆ ಇನ್ನೂ ಗಟ್ಟಿಯಾಗಿ, "ಸಿಕ್ತು, ನೋಡಿ!" ಎಂದು ಕೂಗಿದೆ.

ಹಿಂದೆ ಇಂಥ ಹೊತ್ತಿನಲ್ಲಿ ನನ್ನ ಗಂಡ ಏನೆಲ್ಲ ಮಾಡುತ್ತಿದ್ದರು. ಟೋಪಿ ಎಸೆಯುತ್ತಿದ್ದರು, ನನ್ನ ಬೆನ್ನಿಗೆ ಗುದ್ದುತ್ತಿದ್ದರು, ಕ್ವಾಯರಿನ ಯಾವುದೋ ಹಾಡನ್ನು ಅಪಸ್ವರದಲ್ಲಿ ಶುರು ಮಾಡುತ್ತಿದ್ದರು. ಈಗ ತೊರೆಯ ನೀರಿನ ಸದ್ದು ಮಾತ್ರ ಇತ್ತು. ಫೋನ್ ತೆಗೆದು ನೋಡಿದೆ, ಸಿಗ್ನಲ್ ಇಲ್ಲ. ಹಕ್ಕಿಯ ಪಕ್ಕದಲ್ಲಿ ಕುಳಿತೆ. ಅದರ ಮೈ ಇನ್ನೂ ಬಿಸಿಯಾಗಿತ್ತು, ನಾನು ಅದರ ಮೇಲೆ ಕೈಯಿಟ್ಟು ಅತ್ತುಬಿಟ್ಟೆ. ಹಕ್ಕಿಗೋಸ್ಕರ ಅತ್ತೆ ಎಂದು ಹೇಳಿದರೆ ಚೆಂದ ಇರುತ್ತದೆ, ಆದರೆ ನಾನು ಅತ್ತದ್ದು ನನಗೋಸ್ಕರ. ಎಲ್ಲವನ್ನೂ ಒಬ್ಬಳೇ ಮಾಡಬಲ್ಲೆ ಎಂದು ತೋರಿಸಲು ಬಂದಿದ್ದೆ, ತೋರಿಸಿಯಾಗಿತ್ತು. ನನಗೆ ಒಬ್ಬಳೇ ಇರಲು ಬರುತ್ತದೆ. ಒಬ್ಬಳೇ ಇರಲು ಇಷ್ಟವಿಲ್ಲ. ಒಂದೂವರೆ ವರ್ಷದಲ್ಲಿ ಮೊದಲ ಸಲ ಅದು ನನಗೆ ಅಷ್ಟು ಸ್ಪಷ್ಟವಾಯಿತು. ಅಕ್ಕ ಇನ್ನೊಮ್ಮೆ ಕೇಳಿದರೆ ಹೂಂ ಅನ್ನುತ್ತೇನೆ ಎಂದು ಅಲ್ಲೇ ನಿಶ್ಚಯ ಮಾಡಿದೆ.

ಕಣ್ಣೊರೆಸಿಕೊಂಡು, ಲೈಸೆನ್ಸಿನ ಜೊತೆ ಕೊಟ್ಟ ಟ್ಯಾಗನ್ನು ಹಕ್ಕಿಯ ಕಾಲಿಗೆ ಕಟ್ಟಿದೆ. ಬೇರೆ ಬೇಟೆಗಾರರು ಜೀವಂತ ಹಕ್ಕಿ ಎಂದು ತಿಳಿದು ಗುಂಡು ಹಾರಿಸಬಾರದೆಂದು ಕಿತ್ತಳೆ ಬಣ್ಣದ ಬಟ್ಟೆ ಸುತ್ತಿ, ಹೆಗಲಿಗೆ ಹಾಕಿಕೊಂಡು ಇಳಿಯತೊಡಗಿದೆ. ತುಂಬ ಭಾರ. ಬೇಲಿಯ ಹತ್ತಿರ ಬಂದಾಗ ಅಕ್ಕನ ಮಾತು ಪೂರ್ತಿಯಾಗಿ ತಲೆಗೆ ಬಂತು. ಹಕ್ಕಿ ತಂದರೆ ಜನ್ಮದಲ್ಲಿ ಆ ವಿಷಯ ಎತ್ತುವುದಿಲ್ಲ. ಅವಳು ಕೇಳಬೇಕೆಂದರೆ ನಾನು ಬರಿಗೈಯಲ್ಲಿ ಹೋಗಬೇಕು. ಬೇಲಿ ದಾಟದೆ ಅಲ್ಲೇ ನಿಂತೆ. ಭಾರಕ್ಕೆ ಹೆಗಲು ನೋಯುತ್ತಿತ್ತು.

ಮುದುಕ ಅಂಗಳದಲ್ಲೇ ಇದ್ದ. ಹಕ್ಕಿಯನ್ನು ಎತ್ತಿ, ರೆಕ್ಕೆ ಬಿಡಿಸಿ ನೋಡಿ, ಇಷ್ಟು ದೊಡ್ಡದನ್ನು ಈ ವರ್ಷ ಯಾರೂ ಹೊಡೆದಿಲ್ಲ ಎಂದ. ತನ್ನ ಹೆಂಡತಿ ಇದ್ದಾಗ ಇದರ ಎದೆಯ ಮಾಂಸವನ್ನು ಸೇಬಿನ ಜೊತೆ ಬೇಯಿಸುತ್ತಿದ್ದಳು ಎಂದೂ ಹೇಳಿದ. ನೀವೇ ಇಟ್ಟುಕೊಳ್ಳಿ ಎನ್ನಲು ಬಾಯಿ ತೆರೆದೆ. ಅಷ್ಟು ಹೇಳಿದ್ದರೆ ಸಾಕಿತ್ತು. ಅವನಿಗೂ ಸಂತೋಷವಾಗುತ್ತಿತ್ತು, ನನಗೂ ಮನೆ ಸಿಗುತ್ತಿತ್ತು. ಆದರೆ ಅಕ್ಕನ ಎದುರು ನಿಂತು ಸಿಗಲಿಲ್ಲ, ಸೋತೆ ಎನ್ನುವುದು? ಸುಳ್ಳು ಎನ್ನುವುದು ಒಂದು ಕಡೆ ಇರಲಿ, ಸೋತೆ ಎನ್ನುವ ಮಾತಿಗೆ ನನ್ನ ನಾಲಿಗೆ ಹೊರಳುವುದೇ ಇಲ್ಲ. ಎದೆಯ ಒಂದು ತುಂಡು ಅವನಿಗೆ ಕೊಯ್ದು ಕೊಟ್ಟು, ಉಳಿದದ್ದನ್ನು ಐಸ್ ಪೆಟ್ಟಿಗೆಯಲ್ಲಿಟ್ಟೆ. ಮೋಟೆಲಿಗೆ ಹೋಗಿ ಅದೇ ಸೋಪಿನಿಂದ ಬಳೆ ಮತ್ತೆ ಹಾಕಿಕೊಂಡೆ. ಹಾಕುವಾಗಲೂ ನೋವಾಯಿತು.

ಮನೆಗೆ ಹೋಗದೆ ನೇರ ಮರ್ಸರ್ ಐಲ್ಯಾಂಡಿಗೆ ಹೋದೆ. ಅಕ್ಕ ಗರಾಜಿನ ಬಾಗಿಲಲ್ಲೇ ನಿಂತಿದ್ದಳು. ಪೆಟ್ಟಿಗೆಯ ಮುಚ್ಚಳ ತೆರೆದು ನೋಡಿದಳು, ಮುಚ್ಚಿದಳು, ನನ್ನ ಕೆನ್ನೆ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು.

"ಜೀವ ಸಹಿತ ಬಂದಿಯಲ್ಲ, ಸಾಕು ಮಾರಾಯ್ತಿ. ಎರಡು ದಿನ ನನಗೆ ನಿದ್ದೆ ಇಲ್ಲ." ಆಮೇಲೆ ನಕ್ಕಳು. "ಆಯ್ತು, ನಾನು ಸೋತೆ. ನೀನು ಗಟ್ಟಿ ಉಂಟು. ಇನ್ನು ಆ ವಿಷಯ ಇಲ್ಲ."

ಅವಳ ಬಾಯಿಂದ ಆ ಮಾತು ಎಷ್ಟು ಸಲೀಸಾಗಿ ಬಂತು! "ಇರಲಿ ಬಿಡು" ಎಂದೆ.

ಮುಂದಿನ ಭಾನುವಾರ ಅದನ್ನೇ ಗಸಿ ಮಾಡಿದಳು. ಕಾಡು ಟರ್ಕಿಯ ಕಾಲು ಬೇಯುವುದೆಂದರೆ ತಪಸ್ಸು, ಕುಕ್ಕರು ಕೂಗಿ ಕೂಗಿ ಸುಸ್ತಾಯಿತು. ಊರಿನ ಬ್ಯಾಡಗಿ ಮೆಣಸು, ಹುರಿದ ತೆಂಗಿನಕಾಯಿ, ಜೊತೆಗೆ ಗರಿಗರಿ ರೊಟ್ಟಿ. ಭಾವ "ಇದು ಕೋಳಿಯಲ್ಲ, ಮಟನ್ನಿನ ದಾಯಾದಿ" ಎಂದು ಮೆಚ್ಚಿಕೊಂಡರು. ಕೋವಿ ಎಂದರೆ ಕಿವಿ ಮುಚ್ಚುವ ಅಕ್ಕ ಮೂರು ಸಲ ಬಡಿಸಿಕೊಂಡಳು. ಊಟ ಮುಗಿಯಿತು. ಅವಳು ಕೈ ಒರೆಸಿಕೊಳ್ಳುವುದನ್ನೇ ನಾನು ನೋಡುತ್ತಿದ್ದೆ. "ಮತ್ತೆ" ಎಂದಳು. ನಾನು ಕುರ್ಚಿಯ ಅಂಚಿಗೆ ಬಂದು ಕುಳಿತೆ. "ಮತ್ತೆ ನಿನ್ನ ಆಫೀಸು ಹೇಗುಂಟು?"

ಹಾಗೇ ವಾರಗಳು ಹೋಗಿ ತಿಂಗಳುಗಳಾದವು. ಮಳೆಯ ವಿಷಯ, ಪಾಸ್ಟರ್ ವಿಷಯ, ಊರಿನ ಮದುವೆ ವಿಷಯ ಎಲ್ಲ ಬರುತ್ತಿತ್ತು. ಅದೊಂದು ಬರುತ್ತಿರಲಿಲ್ಲ. ನಾನೇ ಬಾಯಿಬಿಟ್ಟು ಕೇಳಬಹುದಿತ್ತು, ಕೇಳಲು ಏನು ಕಷ್ಟ ಎಂದು ಬೇರೆಯವರಿಗೆ ಅನಿಸಬಹುದು. ಅಷ್ಟು ಜಗಳವಾಡಿ ಗೆದ್ದ ಮೇಲೆ ಹೋಗಿ ಬಾಗಿಲು ತಟ್ಟುವುದು ಹೇಗೆ? ನನ್ನ ಕಡೆಯಿಂದ ಸುಳಿವು ಕೊಟ್ಟೆ. ಎಜುಕೇಶನ್ ಹಿಲ್‌ನಲ್ಲಿ ಈ ಸಲ ಬಹಳ ಚಳಿ ಎಂದೆ. ಹೀಟರ್ ಸರಿಮಾಡಿಸು ಎಂದಳು. ಮೆಟ್ಟಿಲು ಹತ್ತಿದರೆ ಮೊಣಕಾಲು ನೋಯುತ್ತದೆ ಎಂದೆ. ಎಣ್ಣೆ ಕೊಟ್ಟಳು.

ಅಕ್ಟೋಬರಿನಲ್ಲಿ ಮಳೆಗಾಲ ಮತ್ತೆ ಶುರುವಾದ ಮೇಲೆ ಒಂದು ಭಾನುವಾರ ಇಬ್ಬರೂ ಪಾತ್ರೆ ತೊಳೆಯುತ್ತಿದ್ದೆವು. ಅಕ್ಕ ತೊಳೆಯುವುದು, ನಾನು ಒರೆಸುವುದು. ಅವಳು ನಲ್ಲಿ ನಿಲ್ಲಿಸಿದಳು.

"ಕೆಳಗಿನ ಮನೆಗೆ ಒಬ್ಬಳು ನರ್ಸ್ ಕೇಳಿದ್ದಾಳೆ. ಒಳ್ಳೆಯ ಹುಡುಗಿಯ ಹಾಗೆ ಕಾಣ್ತಾಳೆ. ನಾಳೆ ಹೇಳ್ತೇನೆ ಅಂದಿದ್ದೇನೆ. ಇನ್ನೂ ಹೂಂ ಅಂತ ಹೇಳ್ಲಿಲ್ಲ."

ಹೇಳಿ ನನ್ನ ಮುಖ ನೋಡುತ್ತಾ ನಿಂತಳು. ಒದ್ದೆ ಕೈಯನ್ನು ಒರೆಸಿಕೊಳ್ಳಲೂ ಇಲ್ಲ. ಒರೆಸಿದ ತಟ್ಟೆಯನ್ನೇ ನಾನು ಮತ್ತೊಮ್ಮೆ ಒರೆಸಿದೆ. ಬಾಯಿ ತನ್ನ ಪಾಡಿಗೆ ಮಾತಾಡಿತು.

"ಒಳ್ಳೆಯ ಹುಡುಗಿಯಾದ್ರೆ ಕೊಡು. ಖಾಲಿ ಯಾಕೆ ಇಡುದು?"

"ಅಲ್ವಾ?" ಎಂದಳು ಅಕ್ಕ. ನಲ್ಲಿ ತಿರುಗಿಸಿ ಉಳಿದ ಪಾತ್ರೆ ತೊಳೆದಳು.

ಸೇತುವೆ ದಾಟಿ ಮನೆಯ ದಾರಿ ಹಿಡಿದ ಮೇಲೆ ನನಗೆ ಅರ್ಥವಾಯಿತು. ಕೊಟ್ಟ ಮಾತು ಮುರಿಯದೆ ಎಷ್ಟು ಕೇಳಬಹುದೋ ಅಷ್ಟನ್ನು ಅಕ್ಕ ಕೇಳಿಯೇಬಿಟ್ಟಿದ್ದಳು. ಮುಂದಿನ ತಿರುವಿನಲ್ಲಿ ಹೆದ್ದಾರಿ ಬಿಟ್ಟು ವಾಪಸ್ ಹೋಗಬಹುದಿತ್ತು. ಮನೆಗೆ ಹೋಗಿ ಫೋನ್ ಮಾಡಬಹುದಿತ್ತು, ರಾತ್ರಿಯೆಲ್ಲ ಸಮಯ ಇತ್ತು. ಫೋನ್ ಮೇಜಿನ ಮೇಲಿಟ್ಟು ಅದರ ಎದುರು ಕುಳಿತೆ. ಅವಳೇ ಇನ್ನೊಮ್ಮೆ ಕರೆಯಲಿ ಎಂದು ಕಾದೆ. ಮರುದಿನ ಅಕ್ಕ ಆ ನರ್ಸಿಗೆ ಹೂಂ ಎಂದಳು.